ಕೋಣೆಯ ಉಷ್ಣತೆ

‘ಕೋಣೆಯ ಉಷ್ಣತೆಯಲ್ಲಿ ಬಿಡಿ’ ಎಂದಿತ್ತು ವಿಧಾನ.
ಯಾರ ಕೋಣೆ, ಬರೆದಿರಲಿಲ್ಲ.
ಬಳ್ಳಾರಿಯ ಮೇ ತಿಂಗಳು, ಮಧ್ಯಾಹ್ನ ಮೂರು,
ಕರೆಂಟು ಹೋಗಿ ಎರಡು ತಾಸು,
ಗೋಡೆಯ ಪಾದರಸ ನಲವತ್ತೊಂದರಲ್ಲಿ.

ಅವರ ಇಪ್ಪತ್ತೈದಕ್ಕೆಂದು ತಂಪು ಪೆಟ್ಟಿಗೆಯಲ್ಲಿಟ್ಟು
ಏಳು ಸಲ ಕೆಡಿಸಿದ್ದೆ. ತಳದಲ್ಲಿ ಹಸಿರು ರಾಡಿ,
ತಳ ಹಿಡಿದ ಜೋಳದ ಗಂಜಿಯ ಹಾಗೆ.
ಎಂಟನೆಯ ಶೀಸೆಯನ್ನು ಎರ್ರಿಸ್ವಾಮಿ
ಕಿಟಕಿಯಲ್ಲಿಟ್ಟು ಮರೆತ.
ಮರೆತೆ ಅಂತಾನೆ. ಆ ಪೆಟ್ಟಿಗೆ ಕಂಡರೆ ಅವನಿಗೆ ಆಗದು.

ಸೋಮವಾರ ನೋಡಿದರೆ
ಅದಿರಿನ ಕೆಂಧೂಳು ಮೆತ್ತಿದ ಗಾಜಿನೊಳಗೆ
ನೀಲಿ. ಮೂಲೆಗಳಿರುವ ನೀಲಿ.
ಸಕ್ಕರೆ ಕಾಳಿಗಿಂತ ಸಣ್ಣದು, ಅಲುಗಿಸಿದರೆ ಮಿಣುಕುವುದು.

‘ಏನ್ರಿ ಮೇಡಂ ಇದು?’
ಪಂಜರ, ಎಂದೆ.
ತಾಮ್ರ ಜೋಡಿಜೋಡಿಯಾಗಿ ನಿಲ್ತದೆ, ಹನ್ನೆರಡು ಜೋಡಿ,
ನಡುವೆ ಇಪ್ಪತ್ತನಾಲ್ಕು ಬಾಗಿದ ತೋಳು.
ತೋಳು ನೆಟ್ಟಗಿದ್ದಿದ್ದರೆ ಚಾಪೆ ಹಾಸಿದಂಗೆ
ಹೋಗ್ತಾನೇ ಇರ್ತಿತ್ತು.
ಬಾಗಿದ್ದಕ್ಕೇ ತಿರುಗಿ ಬಂದು ಮುಚ್ಚಿಕೊಂಡಿದೆ.

ಅವನ ಅವ್ವ ಕೌಲ್ ಬಜಾರಿನಲ್ಲಿ ಬಿದಿರು ಸೀಳುವಾಕೆ,
ಕೋಳಿ ಮುಚ್ಚುವ ಬುಟ್ಟಿ, ದಿನಕ್ಕೆ ನಾಲ್ಕು.
ಕೇಳಿಯೇ ಬಿಟ್ಟ: ‘ಹೆಣೆದೋರು ಯಾರು?’
ಯಾರೂ ಇಲ್ಲ.
‘ಕೈಯೇ ಇಲ್ದಂಗ ಬುಟ್ಟಿ ಆಗ್ತದೇನ್ರಿ?’

ಎರ್ರಿಸ್ವಾಮಿ, ಇದಕ್ಕೆ ನಾನು ಪರೀಕ್ಷೆಯಲ್ಲಿ
ಹತ್ತು ಅಂಕದ ಉತ್ತರ ಬರೆದವಳು. ತಿಳಿದದ್ದು ಈಗ.
ತಾಮ್ರ ಹಿಡಿಯುತ್ತದೆ, ಬಿಗಿಯಾಗಲ್ಲ.
ತಪ್ಪು ಕೈ ಸಿಕ್ಕರೆ ಬಿಡುತ್ತದೆ,
ಇನ್ನೊಂದು ಹಿಡಿಯುತ್ತದೆ, ಅದನ್ನೂ ಬಿಡುತ್ತದೆ.
ಮೂರು ಹಗಲು ಮೂರು ರಾತ್ರಿಯ ನಮ್ಮ ಈ ಸೆಕೆಯಲ್ಲಿ
ಎಷ್ಟು ಕೋಟಿ ತಪ್ಪು ಸದ್ದಿಲ್ಲದೆ ಬಿಚ್ಚಿಕೊಂಡವೋ.
ತಂಪಿನಲ್ಲಿ, ಸಿಕ್ಕಿದ್ದನ್ನೇ ಹಿಡಿದು
ಬಿಡಲಾರದೆ ಕೂತದ್ದು
ಆ ಏಳು ಶೀಸೆಯ ರಾಡಿ.

‘ಒಳಗೇನೈತಿ?’
ಈಗ ದ್ರಾವಕ. ಒಮ್ಮೆಲೇ ಕಿತ್ತರೆ ಕುಸಿಯುತ್ತದೆ,
ದಿನಾ ಸ್ವಲ್ಪ ಸ್ವಲ್ಪ ತೆಗೆಯಬೇಕು.
ಆಮೇಲೆ ಏನೂ ಇರದು. ನಮಗೆ ಬೇಕಾದದ್ದು ಅದೇ:
ಕುಡುತಿನಿ ಚಿಮಣಿಯ ಹೊಗೆಯಲ್ಲಿ
ಒಂದು ಚಿಟಿಕೆಯಾದರೂ ಬಂದು ಕೂರಲು
ಜಾಗ.

ಮನೆಗೆ ಹೋಗಿ ಹೇಳಿದನಂತೆ.
ಆಕೆ ಸೀಳುಗತ್ತಿಯಿಂದ ಕಣ್ಣೆತ್ತದೆ
‘ಖಾಲಿ ಇಲ್ದ ಬುಟ್ಟಿ ಯಾರು ಕೊಳ್ತಾರಲೇ’
ಅಂದಳಂತೆ.

ಟಿಪ್ಪಣಿ ಪುಸ್ತಕದಲ್ಲಿ ‘ಕೋಣೆಯ ಉಷ್ಣತೆ’ ಹೊಡೆದುಹಾಕಿ
‘ಬಳ್ಳಾರಿ, ಪಡುವಣ ಕಿಟಕಿ’ ಎಂದು ಬರೆದೆ.
ಮೇಷ್ಟ್ರು ಒಪ್ಪಲಿಕ್ಕಿಲ್ಲ.
ಒಂಬತ್ತನೆಯ ಶೀಸೆ ಅಲ್ಲೇ ಇದೆ.
ಸಂಡೂರಿನ ಕಡೆ ಮೋಡ ಕಟ್ಟುತ್ತಿದೆ,
ಇವತ್ತೊಂದು ದಿನ ಮಳೆ ಬರದಿದ್ದರೆ ಸಾಕು.