ನಲವತ್ತು, ನಲವತ್ತೊಂದು

ಹಳೆಯ ಫಲಕ ಇಳಿಸಿದರು. 'ಕಡಲಜೀವಿ ವಿಭಾಗ'ದಲ್ಲಿ
ತುಕ್ಕು ತಿಂದು ಉಳಿದದ್ದು ಒಂದು 'ಜೀ' ಅಷ್ಟೇ.
ಹೊಸದರಲ್ಲಿ ಅಕ್ಷರ ಚಿಕ್ಕವು, ಹೆಸರು ಉದ್ದ:
ವಿಜ್ಞಾನ ಮತ್ತು ಆರೋಗ್ಯ ನಿಕಾಯ, ಕೋಡಿಬಾಗ.
ನಿಕಾಯ ಅಂದರೇನೆಂದು ಮೀನು ಮಾರಿ ಮರಳುವವರು ಕೇಳಿದರು.
ಕಾಯ ಇದೆಯಲ್ಲ ಅದರೊಳಗೆ, ಅಂದೆ.
ನನಗೂ ಅಷ್ಟೇ ಗೊತ್ತು.

ಇಪ್ಪತ್ತೆಂಟು ವರ್ಷ ಈ ಸೀಸೆಗಳಿಗೆ ಚೀಟಿ ಬರೆದವನು ನಾನು.
ಫಾರ್ಮಲಿನ್ ನಾತಕ್ಕೆ ಮನೆಯಲ್ಲಿ ನನ್ನ ಟವೆಲ್ಲೇ ಬೇರೆ.
ಕಡಲ ಕುದುರೆ, ತಾರೆಮೀನು, ಕಣ್ಣು ಬಿಡದ ಡಾಲ್ಫಿನ್ ಮರಿ:
ಸಿಕ್ಕ ಜಾಗ, ಸಿಕ್ಕ ದಿನ, ತಂದವರ ಹೆಸರು.
ತಂದವರೆಂದರೆ ಮೇಷ್ಟ್ರು.
ಸೊಂಟದವರೆಗೆ ಕೆಸರಲ್ಲಿ ನಿಂತವಳಲ್ಲ.

ಈಗ ಕೆಳಗಿನ ಕೋಣೆಗೆ ಯಂತ್ರ ಬಂದಿದೆ,
ಅದಕ್ಕೆ ಹಗಲೂ ರಾತ್ರಿ ಚಳಿ ಬೇಕು.
ಕರೆಂಟು ಹೋದರೆ ಜನರೇಟರು, ಅದೂ ಕೈಕೊಟ್ಟರೆ ನಾನು.
ಬೈತಖೋಲ ಬಂದರಿಗೆ ಸ್ಕೂಟರ್ ಓಡಿಸಿ
ಬಂಗಡೆಗೆ ಹಾಕುವ ಮಂಜುಗಡ್ಡೆಯನ್ನೇ ತಂದು
ರಕ್ತದ ಕೊಳವೆಗಳ ಸುತ್ತ ಪೇರಿಸಿ ಕಾದಿದ್ದೇವೆ ಒಂದು ರಾತ್ರಿ,
ನಾನೂ ಹೊಸ ಡಾಕ್ಟರು ತನುಜಾ ಮಿರ್ಜಾನಕರರೂ.
ಮಾರನೆಯ ದಿನ ಎಲ್ಲ ವರದಿಗೂ ಮೀನಿನ ವಾಸನೆ.

ಬುದವಂತಿ ಅಂಬಿಗ ಬಂದದ್ದು ಬುಟ್ಟಿ ಹೊತ್ತು, ಎಂದಿನಂತೆ.
ಕಾಳಿಯ ಇಳಿತಕ್ಕೆ ಇಳಿದು ಹೆಕ್ಕಿದ ಬೆಳಚು,
ಬಂಡೆಯಿಂದ ಕಿತ್ತ ಕಲ್ಗ.
ನೂರು ನಮಗೆ, ಉಳಿದದ್ದು ಪೇಟೆಗೆ, ನಾಲ್ಕು ಹಿಡಿ ಅವಳ ಸಾರಿಗೆ.
ಈ ಸಲ ಎಣಿಸಿಕೊಂಡ ಮೇಲೆ ಡಾಕ್ಟರು,
"ಅಮ್ಮಾ, ಕೈ ಚಾಚಿ."
"ದುಡ್ಡು ಕೊಡೂಕಾ?"
"ಅಲ್ಲ, ತೆಗೆಯೋದಕ್ಕೆ."
ಚಿಪ್ಪು ಕೊಯ್ದ ಗೀರುಗಳು ಒಂದರ ಮೇಲೊಂದು.
ಸೂಜಿ ಎರಡು ಸಲ ದಾರಿ ತಪ್ಪಿತು.
ಬಳೆ ಸರಿಸಿ ಅವಳೇ ನರ ತೋರಿಸಿದಳು,
ಹೊಳೆಯಲ್ಲಿ ಎಲ್ಲಿ ಆಳ, ಎಲ್ಲಿ ಕಾಲು ಹೂಳುತ್ತದೆ ಎಂದು
ಮೇಷ್ಟ್ರಿಗೆ ತೋರಿಸುತ್ತಿದ್ದ ಹಾಗೆ.

ಒಂದು ಕೊಳವೆಯಲ್ಲಿ ಬೆಳಚಿನ ತಿರುಳು, ಇನ್ನೊಂದರಲ್ಲಿ ಅವಳು.
ಯಂತ್ರಕ್ಕೆ ಭೇದವಿಲ್ಲ, ಅದು ಹುಡುಕುವುದು ಲೋಹವನ್ನಷ್ಟೇ.
ಚೀಟಿ ಬರೆದೆ: ನಲವತ್ತು. ನಲವತ್ತೊಂದು.
ಮನುಷ್ಯರ ಮಾದರಿಗೆ ಹೆಸರು ಹಾಕುವ ಹಾಗಿಲ್ಲ,
ಹೊಸ ನಿಯಮ, ಎಂದು ಓದಿ ಹೇಳಿದೆ.
"ಮುಂಚೆಯಾದ್ರೂ ಎಲ್ಲಿ ಹಾಕಿದ್ರಿ?" ಅಂದಳು ಬುದವಂತಿ,
ಹತ್ತಿಯ ಉಂಡೆ ಒತ್ತಿ ಹಿಡಿದುಕೊಂಡೇ.

ಘಟ್ಟದ ಮೇಲಿಂದ ಬಂದವರಿಗೆ ಪರದೆಯ ಮೇಲೆ ನಕ್ಷೆ ತೋರಿಸಿದರು.
ಬೆಳಚಿನದೊಂದು ಗೆರೆ, ತಿಂದವರದೊಂದು ಗೆರೆ,
ಒಂದೇ ಬಲೆಯ ಎರಡು ತುದಿ ಎಳೆಯುವವರಂತೆ
ಜೊತೆಜೊತೆಗೆ ಏರುತ್ತ.
ಹೆಚ್ಚೇನಿಲ್ಲ, ಎಂದರು ಒಬ್ಬರು, ಗೋಡಂಬಿ ಅಗಿಯುತ್ತ.
ಕಡಿಮೆಯೂ ಅಲ್ಲ, ಎಂದರು ಡಾಕ್ಟರು.
ನಾನು ಚಹಾದ ಲೋಟ ಎತ್ತಿದೆ.

ಮೂರು ದಿನ ಬಿಟ್ಟು ಅವಳು ಬಾಗಿಲಲ್ಲಿ.
"ತಿನ್ನೂಕಾಗ್ತದೋ ಇಲ್ವೋ, ಅಷ್ಟು ಹೇಳು ಸಾಕು."
ಪುಟ ತಿರುವಿದೆ. ಆ ಸಾಲು ಇರಲಿಲ್ಲ.
ಹೆಚ್ಚಿನ ಅಧ್ಯಯನ ಅಗತ್ಯ, ಎಂದಿತ್ತು ಕೊನೆಗೆ.
"ಹಂಗಾರೆ ಮಾಡ್ಲಿ. ಬೆಳಚು ಯಾರು ತರೂದು, ನಾನೇ ಅಲ್ದಾ?"
ನಾಳೆಯ ಇಳಿತ ಆರೂಕಾಲಿಗೆ ಎಂದು ಅವಳೇ ಹೇಳಿ ಹೋದಳು.

ಸಂಜೆ ಬೀಗ ಹಾಕುವ ಮೊದಲು
ನಲವತ್ತನೆಯ ಸೀಸೆ ಇಳಿಸಿದೆ.
ಬೆಳಚಿನ ಬಗ್ಗೆ ಆ ನಿಯಮದಲ್ಲಿ ಏನೂ ಇಲ್ಲ.
ತಂದವರು, ಎಂದು ಬರೆದು, ಮುಂದೆ ಅವಳ ಹೆಸರು.
ಪೆನ್ಸಿಲ್ಲಲ್ಲೇ ಬರೆದೆ.
ಫಾರ್ಮಲಿನ್ ತಾಗಿದರೆ ಶಾಯಿ ಹರಡಿಬಿಡುತ್ತದೆ.