ಮೀಟರಿಗೆ ಒಂದು ಹೆಬ್ಬೆರಳು

ವಾಲ್ಪರೈಸೊದಲ್ಲಿ ನೆಟ್ಟಗೆ ನಿಂತದ್ದು ಏನೂ ಇಲ್ಲ.
ಕೈತಪ್ಪಿದ ಬಟಾಣಿ ಕಾಳು
ಬಂದರಿನವರೆಗೂ ಉರುಳುತ್ತದೆ.
ಒಂದರ ಹೆಗಲ ಮೇಲೊಂದು ಹತ್ತಿ
ಮನೆಗಳು ಸಮುದ್ರ ನೋಡುತ್ತವೆ.
ಇಂಥ ಊರಲ್ಲಿ
ಎದೆಲ್ಮೀರಾಳ ಬಚ್ಚಲಿನ ನೆಲವೊಂದೇ
ಲಟ್ಟಿಸುವ ಮಣೆಯ ಹಾಗೆ ಸಮ.

"ಕಮೋಡು ಕಿಟಕಿಯ ಕೆಳಗೆ ಬರಲಿ, ರೋಸಮೆಲ್.
ಈಗಿರುವಲ್ಲಿ ಬಾಗಿಲು ತೆರೆದಾಗಲೆಲ್ಲ
ನಿಬಾಲ್ದೋನ ಮೊಣಕಾಲಿಗೆ ಬಡಿಯುತ್ತೆ,
ಆಪರೇಷನ್ ಆದ ಕಾಲು.
ಹೆಚ್ಚಲ್ಲ, ಎರಡೇ ಮೀಟರ್."

ಎರಡು ಮೀಟರ್ ಕಡಿಮೆಯೇ, ತಾಯಿ?
ಹೊಟ್ಟೆಯಿಂದ ಹೊರಟದ್ದಕ್ಕೆ ಅದು ಪರದೇಶ.

ಕಮೋಡು ಬರೀ ಪಿಂಗಾಣಿ, ಕೂರಿಸಿದಲ್ಲಿ ಕೂರುತ್ತದೆ.
ಮನಸ್ಸಿರುವುದು ಕೊಳವೆಗೆ.
ಇಳಿಜಾರು ಸಾಲದಿದ್ದರೆ ಹೊರೆ ನಿಂತಲ್ಲೇ ನಿಲ್ಲುತ್ತದೆ.
ಧಾರಾಳವಾಗಿ ಕೊಡೋಣ ಅಂದಿರೋ,
ನೀರು ಅವಸರದ ಗಂಡಸಿನಂತೆ ಮುಂದೆ ಓಡಿ
ಹೊತ್ತು ತರಬೇಕಾದ್ದನ್ನು
ನಡುದಾರಿಯಲ್ಲೇ ಬಿಟ್ಟುಹೋಗುತ್ತದೆ.
ಮೀಟರಿಗೆ ಒಂದು ಹೆಬ್ಬೆರಳ ಅಗಲ.
ನನ್ನ ಗುರು ಎಲಿಯೆಸೆರ್ ಕಲಿಸಿದ್ದು ಇಷ್ಟೇ,
ಉಳಿದದ್ದೆಲ್ಲ ಬೈಗುಳ.

ಮಂಗಳವಾರ ಹಲಗೆ ಕಿತ್ತೆ.
ತೊಲೆಗಳು ಕೊಳವೆಯ ದಿಕ್ಕಿಗೇ ಮಲಗಿದ್ದವು, ಪುಣ್ಯ.
ಅಡ್ಡ ಇದ್ದಿದ್ದರೆ ಕಡಿಯುವ ಹಾಗಿಲ್ಲ,
ಕೆಳಗಿನ ಮನೆಯವರು ಅದರಡಿ ಮಲಗುತ್ತಾರೆ.
ಕಟ್ಟೆ ಕಟ್ಟಿ ಮೇಲೇರಿಸೋಣವೆಂದರೆ
ಹತ್ತುವ ಮೊಣಕಾಲೆಲ್ಲಿ?

ಹಳೆಯ ಕೊಳವೆ ಗೋಡೆಯ ಹತ್ತಿರ
ತಟ್ಟನೆ ತಿರುಗಿತ್ತು.
ಒಂದೇ ಮೊಣಕೈ. ತೊಂಬತ್ತು ಡಿಗ್ರಿ.
ಒಳಗೆ ವರ್ಷಾನುಗಟ್ಟಲೆಯ ಕಲ್ಲುಗಟ್ಟಿದ ಕರಿ.
ಯಾವ ಕತ್ತೆ ಹಾಕಿದ್ದಪ್ಪಾ ಇದನ್ನು,
ಜೋರಾಗಿಯೇ ಅಂದೆ.
ಟಾರ್ಚು ಹಿಡಿದು ಬಗ್ಗಿದರೆ
ನೀಲಿ ಪೆನ್ಸಿಲ್ಲಿನ ಮೂರು ಗೀಟು,
ಪಕ್ಕಕ್ಕೊಂದು ಸೊನ್ನೆ.

ನೀಲಿ ಪೆನ್ಸಿಲು
ನನ್ನ ಕಿವಿಯ ಮೇಲೇ ಇತ್ತು.

ಇಪ್ಪತ್ತಾರು ವರ್ಷ.
ಅಂದು ಶನಿವಾರ ಇದ್ದಿರಬೇಕು.
ನಲವತ್ತೈದರ ಎರಡು ಬಾಗು ಬೇಕಿತ್ತು, ಚೀಲದಲ್ಲಿ ಒಂದೂ ಇರಲಿಲ್ಲ.
ಅಂಗಡಿಗೆ ನೂರ ಹದಿನೆಂಟು ಮೆಟ್ಟಿಲು ಇಳಿಯಬೇಕು,
ಮತ್ತೆ ಅಷ್ಟೂ ಹತ್ತಬೇಕು.
ನಡೆಯುತ್ತೆ ಬಿಡು ಅಂದಿದ್ದೆ.

ನಡೆಯಲಿಲ್ಲ.
ಪ್ರತಿ ಜುಲೈ ಚಳಿಗೂ ಕಟ್ಟಿಕೊಂಡಿತು,
ಪ್ರತಿ ಜುಲೈಯಲ್ಲೂ ಉಕ್ಕಿನ ಸುರುಳಿ ಹೊತ್ತು ನಾನೇ ಬಂದೆ,
ಕೂಲಿ ಎಣಿಸಿಕೊಂಡು ಹೋದೆ.
ಹತ್ತಿ ಹಾಕುತ್ತಾಳೆಂದು ಎದೆಲ್ಮೀರಾ ಅತ್ತೆಯನ್ನು ಬೈದಳು,
ಅತ್ತೆ ಮಕ್ಕಳನ್ನು, ಮಕ್ಕಳು ನಾಯಿಯನ್ನು.
ಅತ್ತೆ ತೀರಿಕೊಂಡಳು.
ಆ ಜುಲೈಯಲ್ಲೂ ಕಟ್ಟಿಕೊಂಡಿತು.

ಬುಧವಾರ, ಗುರುವಾರ ಮಾತಾಡಲಿಲ್ಲ.
ಎರಡು ಬಾಗು, ನಡುವೆ ಒಂದು ಮೊಳ ನೇರ.
ಉಸಿರಾಡಲು ಸೂರಿನಾಚೆಗೊಂದು ಸಣ್ಣ ಕೊಳವೆ.
ಮುಂದೆಂದಾದರೂ ಕೈ ಹಾಕಬೇಕಾದರೆ ತಿರುಪಿನ ಮುಚ್ಚಳ,
ಕೈ ನನ್ನದಲ್ಲದಿರಬಹುದು.
ಮೊಳಕ್ಕೊಂದು ಪಟ್ಟಿ ಬಿಗಿದೆ, ಜೋತು ಬೀಳದಂತೆ.
ರಸಮಟ್ಟದ ಗುಳ್ಳೆ ಗೀಟಿನಿಂದ
ಇಷ್ಟೇ ಇಷ್ಟು ಜಾರಿ ನಿಂತಿತು.

ಹಲಗೆ ಮುಚ್ಚುವ ಮೊದಲೇ ಪರೀಕ್ಷೆ ಆಗಬೇಕು.
ಕೆಳಗಿನ ಮನೆಯ ಲಿಸಾಂದ್ರೊನನ್ನು
ಅಂಗಳದ ಗುಂಡಿಯ ಬಳಿ ನಿಲ್ಲಿಸಿದೆ.
ಕಾಗದದ ಮುದ್ದೆಯೊಳಗೆ ಹಿಡಿ ಹುರುಳಿ ಕಾಳು ಸುತ್ತಿ
ನೀರು ಬಿಟ್ಟೆ.
ಒಂದು. ಎರಡು. ಮೂರು.
ನಾಲ್ಕಕ್ಕೆ ನನ್ನ ಬಾಯಿ ಒಣಗಿತು.
"ಬಂತು!" ಕಿರುಚಿದ ಹುಡುಗ,
"ಎಲ್ಲಾ ಬಂತು! ಕಾಳೂ ಬಂತು!"

"ಆ ಹಳೇ ತುಂಡನ್ನು ಎಸೆಯಲೇ?"
ಚಹಾ ಬಸಿಯುತ್ತ ಕೇಳಿದಳು ಎದೆಲ್ಮೀರಾ.
ಬೇಡ, ನನಗಿರಲಿ.
ನನ್ನ ಕಿವಿಯ ಕಡೆ ನೋಡಿದಳೋ,
ಕಿಟಕಿಯಾಚೆಯ ಹಡಗನ್ನೋ.
ಚೀಟಿಯಲ್ಲಿ ಎರಡು ಬಾಗಿನ ಬೆಲೆ ಬರೆಯಲಿಲ್ಲ.
ಅದೂ ಒಂದು ಲೆಕ್ಕವೇ.

ನೂರ ಹದಿನೆಂಟು ಮೆಟ್ಟಿಲು.
ಪ್ರತಿ ಮೆಟ್ಟಿಲಿಗೂ ಚೀಲದೊಳಗಿನ ಮೊಣಕೈ
ನನ್ನ ಮೊಣಕಾಲಿಗೆ ಬಡಿಯಿತು.
ಮೂವತ್ತನೆಯದರಲ್ಲೋ ಏನೋ
ಮೇಲೆ ಯಾರೋ ನೀರು ಬಿಟ್ಟರು.
ನಿಂತೆ.
ಗೋಡೆಯೊಳಗೆ ಅದು
ನನ್ನ ಪಕ್ಕದಲ್ಲೇ ಇಳಿದು ಹೋಯಿತು,
ಎಲ್ಲೂ ನಿಲ್ಲದೆ.