ಪಕ್ಕದ ಕಬ್ಬಿಣ

ನರಿನ್ ಘಾಟಿ ಇಳಿದು ನಿಂತಿತು ಜಿಲ್ ಲಾರಿ.
ಬೆಲ್ಟು ಕೊರಳಿಗೆ ಹಾಕಿಕೊಂಡು ಇಳಿದ ತಿನಾರ್.
ಲಾರಿ ಅವನಿಗಿಂತ ಎಂಟು ವರ್ಷ ದೊಡ್ಡದು.
ಕೈಯಲ್ಲಿ ಡೈನಮೋ ಬ್ರಾಕೆಟ್ಟಿನ ಎರಡು ತುಂಡು,
ಮುರಿದಲ್ಲಿ ಬೂದುಬಣ್ಣ, ರವೆರವೆ,
ಒಡೆದ ಬೆಲ್ಲದ ಹಾಗೆ.

ಹೊಸದು ಬಿಷ್ಕೆಕ್‌ನಲ್ಲೂ ಸಿಗೋದಿಲ್ಲ, ಅಂದೆ.
ಗೊತ್ತು, ಅಂದ. ಕುರಿಗಳು ಲಾರಿಯಲ್ಲೇ ಇವೆ, ಅಂದ.

ಉಜ್ಜಿದೆ. ಜಿಡ್ಡಿನ ಕೆಳಗೆ
ಹಳೆಯದೊಂದು ಬೆಸುಗೆ,
ಮೀನಿನ ಹುರುಪೆಯ ಹಾಗೆ ಒತ್ತೊತ್ತಾಗಿ.
ಆ ಕೈ ನನಗೆ ಗೊತ್ತು. ಜಿಪಾರ್‌ಕುಲ್.
ಕೊಲ್ಖೋಜಿನ ಗ್ಯಾರೇಜಿನಲ್ಲಿ
ಬೈದು ಬೈದೇ ನನಗೆ ಕೆಲಸ ಕಲಿಸಿದವಳು.
ಅವಳ ಬೆಸುಗೆ ಬಿಟ್ಟಿರಲಿಲ್ಲ.
ಪಕ್ಕದ ಕಬ್ಬಿಣ ಬಿಟ್ಟಿತ್ತು.

ಎರಕದ ಕಬ್ಬಿಣಕ್ಕೆ ಅವಸರ ಆಗದು.
ಕೆಂಡದಲ್ಲಿ ಕಾಯಿಸಿ, ಬೆಸೆದು,
ಬೆರಣಿಯ ಬೂದಿಯಲ್ಲಿ ಹೂತೆ.
ಬೆಳಗಿನವರೆಗೆ ಮುಟ್ಟಬೇಡ.
ಮೂರು ಸಲ ಎದ್ದು ಮುಟ್ಟಿದ, ಬೂದಿಯನ್ನಷ್ಟೆ.

ರಾತ್ರಿಯಿಡೀ ಕುರಿಗಳು ಕೆಮ್ಮಿದವು.

ಕೂರಿಸುವಾಗ ಕಂಡಿತು:
ಮೂರು ತೂತು, ಎರಡೇ ಬೋಲ್ಟು.
ಇನ್ನೊಂದೆಲ್ಲಿ?
ಅಪ್ಪನ ಕಾಲದಿಂದಲೂ ಇಲ್ಲ.
ಡಬ್ಬಿ ಜಾಲಾಡಿ ಒಂದು ಕೊಟ್ಟೆ,
ಅದಕ್ಕೆ ದುಡ್ಡು ಬೇಡವೆಂದು
ಒಂದು ಬೈಗುಳವನ್ನೂ ಸೇರಿಸಿ,
ಅವಳದೇ.